ಎತ್ತರಿಸಿದ ಜೀಪು: ಏರಿದ್ದೇನು, ಏರದೆ ಉಳಿದದ್ದೇನು?

ಕೋಲಾರದ ಕಡೆಯ ರಸ್ತೆಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ಬಗೆಯ ವಾಹನವು ಕಣ್ಣಿಗೆ ಬೀಳುತ್ತಿದೆ. ಹುಟ್ಟಿನಿಂದ ಅದು ಸಾಮಾನ್ಯವಾದ ಜೀಪೋ ಪಿಕಪ್ಪೋ ಆಗಿರುತ್ತದೆ. ಕೊಂಡವರು ಅದರ ಸ್ಪ್ರಿಂಗುಗಳನ್ನು ಬದಲಾಯಿಸಿ, ಇಲ್ಲವೆ ಅವುಗಳ ಮೇಲೆ ದಪ್ಪನೆಯ ಬಿಲ್ಲೆಗಳನ್ನಿಟ್ಟು, ಒಡಲನ್ನು ನಾಲ್ಕು ಅಂಗುಲ ಮೇಲಕ್ಕೆ ಎತ್ತಿಸಿರುತ್ತಾರೆ. ಸುಗಟೂರಿನಂತಹ ಊರಿನ ಸುತ್ತಮುತ್ತ ಓಡಾಡಿದವರಿಗೆ ಈ ಆಸೆ ತೀರ ವಿಚಿತ್ರವೆಂದು ತೋರಲಾರದು. ಕೆರೆಯ ಏರಿಯ ಮೇಲಿನ ಹಾದಿ, ಮಳೆಯಲ್ಲಿ ಕೊರೆದುಹೋದ ಬಂಡಿಜಾಡು, ಕೆಂಪು ಮಣ್ಣಿನ ನಡುವೆ ಥಟ್ಟನೆ ತಲೆಯೆತ್ತುವ ಕಗ್ಗಲ್ಲು, ಇವೆಲ್ಲವೂ ಇರುವ ಸೀಮೆಯಲ್ಲಿ ವಾಹನದ ಹೊಟ್ಟೆ ನೆಲದಿಂದ ದೂರವಿರಲಿ ಎಂದು ಬಯಸುವುದು ಸಹಜವೇ.

ಆದುದರಿಂದಲೇ ಭೌತಶಾಸ್ತ್ರದ ಪಾಠ ಮುಗಿದ ಮೇಲೆ ಕೆಲವು ವಿದ್ಯಾರ್ಥಿಗಳು, "ಜೀಪನ್ನು ಎಷ್ಟು ಅಂಗುಲದವರೆಗೆ ಎತ್ತರಿಸಬಹುದು, ಸಾರ್?" ಎಂದು ಕೇಳುವುದುಂಟು. ಪ್ರಶ್ನೆ ಪ್ರಾಮಾಣಿಕವಾದದ್ದು, ಆದರೆ ಅದು ಹೊರಟ ದಿಕ್ಕು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕಲ್ಲುಮುಳ್ಳಿನ ಹಾದಿಯಲ್ಲಿ ವಾಹನವನ್ನು ಮುಂದಕ್ಕೆ ಒಯ್ಯುವುದು ನೆಲವನ್ನು ಬಿಡದೆ ಹಿಡಿದಿರುವ ಗಾಲಿ. ಆ ಹಿಡಿತವನ್ನು ಹೆಚ್ಚಿಸದ ಎತ್ತರವು ವ್ಯರ್ಥ. ಅದನ್ನು ಕುಂದಿಸುವ ಎತ್ತರವು ಅಪಾಯ. ಈ ಮಾತನ್ನು ಹೈಸ್ಕೂಲಿನ ಬಲವಿಜ್ಞಾನದಿಂದಲೇ ಸಾಧಿಸಿ ತೋರಿಸಬಹುದು.

ಎತ್ತಿನ ಗಾಡಿ ಹೇಳಿಕೊಡುವ ಪಾಠ

ಹಳೆಯ ಎತ್ತಿನ ಗಾಡಿಯನ್ನು ನೆನಪಿಗೆ ತಂದುಕೊಳ್ಳಿ. ಅದಕ್ಕೆ ಸ್ಪ್ರಿಂಗಿರಲಿಲ್ಲ. ಆದರೂ ಹೊಲದ ಬದುಗಳನ್ನು ಹಾಯ್ದು, ಹಳ್ಳವನ್ನು ದಾಟಿ, ಹೊರೆಹುಲ್ಲನ್ನು ಮನೆಗೆ ಮುಟ್ಟಿಸುತ್ತಿತ್ತು. ಅದರ ಗುಟ್ಟು ಆಳೆತ್ತರಕ್ಕೆ ಸಮೀಪವಾದ ಗಾಲಿಯಲ್ಲಿತ್ತು. ಎರಡು ಗಾಲಿಗಳನ್ನು ಕೂಡಿಸುವ ಇರುಸು ಗಾಲಿಯ ಕೇಂದ್ರದಲ್ಲಿಯೇ ಹಾಯಬೇಕು. ಆದುದರಿಂದ ನೆಲದಿಂದ ಇರುಸಿಗೆ ಇರುವ ಎತ್ತರವು ಗಾಲಿಯ ತ್ರಿಜ್ಯಕ್ಕೆ ಸಮ. ಗಾಲಿ ದೊಡ್ಡದಾದಷ್ಟೂ ಇರುಸು ಮೇಲೆ. ಇರುಸಿನ ಮೇಲೆ ಕೂರಿಸಿದ ಮೂಕಿಯನ್ನೂ ಹಲಗೆಗಳನ್ನೂ ಎಷ್ಟು ಎತ್ತರಿಸಿದರೂ ಇರುಸು ಮಾತ್ರ ಕೂದಲೆಳೆಯಷ್ಟೂ ಏರದು.

ಜೀಪಿನ ಹಿಂದಣ ಇರುಸಿಗೂ ಇದೇ ನಿಯಮ ಅನ್ವಯಿಸುತ್ತದೆ. ಎರಡು ಗಾಲಿಗಳ ನಡುವೆ ಹಾದುಹೋಗುವ ಗಟ್ಟಿಯಾದ ಉಕ್ಕಿನ ಕೊಳವೆ, ಅದರ ನಡುವೆ ಗುಂಡಗೆ ಉಬ್ಬಿದ ಡಿಫರೆನ್ಷಿಯಲ್ ಪೆಟ್ಟಿಗೆ, ಇವು ಗಾಲಿಗಳಿಗೆ ಅಂಟಿಕೊಂಡಿವೆಯೇ ಹೊರತು ಒಡಲಿಗಲ್ಲ. ಹಾದಿಯ ಬಂಡೆಗೆ ಮೊದಲು ಬಡಿಯುವುದು ಹೆಚ್ಚಾಗಿ ಈ ಪೆಟ್ಟಿಗೆಯೇ. ಸ್ಪ್ರಿಂಗಿನ ಮೇಲೆ ೧೦ ಸೆಂಟಿಮೀಟರಿನ ಬಿಲ್ಲೆಯನ್ನಿಟ್ಟರೆ ಕೂರುವ ಆಸನವೂ ಕಿಟಕಿಯೂ ೧೦ ಸೆಂಟಿಮೀಟರ್ ಏರುತ್ತವೆ. ಡಿಫರೆನ್ಷಿಯಲ್ ಇದ್ದಲ್ಲಿಯೇ ಇರುತ್ತದೆ. ಅದನ್ನು ಏರಿಸುವುದು ದೊಡ್ಡ ಟೈರೊಂದೇ, ಅದೂ ವ್ಯಾಸದಲ್ಲಿ ಹೆಚ್ಚಿದುದರ ಅರ್ಧದಷ್ಟು ಮಾತ್ರ.

ಒಡಲನ್ನು ಎತ್ತುವುದರಿಂದ ಏನೂ ಲಾಭವಿಲ್ಲವೆಂದು ಹೇಳಿದರೆ ಅದು ಪಕ್ಷಪಾತವಾದೀತು. ಮೂರು ಲಾಭಗಳುಂಟು. ಕಡಿದಾದ ದಿಣ್ಣೆಯನ್ನು ಏರತೊಡಗುವಾಗ ಮೂತಿ ನೆಲಕ್ಕೆ ತಗಲುವುದು ತಡವಾಗುತ್ತದೆ. ಇಳಿದು ಮುಗಿಯುವಾಗ ಬಾಲ ತಗಲುವುದು ತಡವಾಗುತ್ತದೆ. ಏರಿಯ ನೆತ್ತಿಯನ್ನು ದಾಟುವಾಗ ನಡುಹೊಟ್ಟೆ ಕೂರುವುದು ತಪ್ಪುತ್ತದೆ. ಇವಲ್ಲದೆ ದೊಡ್ಡ ಟೈರಿಗೆ ಬೇಕಾದ ಜಾಗವೂ ದೊರೆಯುತ್ತದೆ. ಲಾಭ ಇಷ್ಟು. ಇನ್ನು ಇದಕ್ಕೆ ತೆರುವ ಬೆಲೆಯನ್ನು ಲೆಕ್ಕ ಹಾಕೋಣ.

ಹತ್ತು ಸೆಂಟಿಮೀಟರಿನ ಬೆಲೆ

ಲೆಕ್ಕದ ಅನುಕೂಲಕ್ಕಾಗಿ ದುಂಡಾದ ಅಂಕಿಗಳನ್ನು ಇಟ್ಟುಕೊಳ್ಳೋಣ. ಒಂದು ಜೀಪಿನ ಎಡಬಲ ಗಾಲಿಗಳ ನಡುವಣ ಅಂತರ ೧೫೦ ಸೆಂಟಿಮೀಟರ್, ಅದರ ಗುರುತ್ವಕೇಂದ್ರ ನೆಲದಿಂದ ೭೦ ಸೆಂಟಿಮೀಟರ್ ಎತ್ತರದಲ್ಲಿದೆ ಎನ್ನಿ. ವಾಹನವು ಪಕ್ಕಕ್ಕೆ ಉರುಳುವುದನ್ನು ತಡೆಯುವ ಶಕ್ತಿಯನ್ನು ಅಳೆಯಲು ಒಂದು ಸುಲಭವಾದ ಪ್ರಮಾಣವಿದೆ: ಗಾಲಿಗಳ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಬೇಕು. ಇಲ್ಲಿ ೭೫ನ್ನು ೭೦ರಿಂದ ಭಾಗಿಸಿದರೆ ೧.೦೭ ಬರುತ್ತದೆ. ಪಕ್ಕಕ್ಕೆ ತಳ್ಳುವ ಬಲವು ವಾಹನದ ತೂಕದ ೧.೦೭ ಪಾಲನ್ನು ಮೀರಿದರೆ ಒಳಮಗ್ಗುಲಿನ ಗಾಲಿಗಳು ನೆಲವನ್ನು ಬಿಟ್ಟು ಏಳುತ್ತವೆ ಎಂದು ಇದರ ಅರ್ಥ.

ಈಗ ಒಡಲನ್ನು ೧೦ ಸೆಂಟಿಮೀಟರ್ ಎತ್ತಿ. ಗಾಲಿಗಳೂ ಇರುಸುಗಳೂ ಏರದಿರುವ ಕಾರಣ ಒಟ್ಟು ಗುರುತ್ವಕೇಂದ್ರವು ಸುಮಾರು ೮ ಸೆಂಟಿಮೀಟರ್ ಏರಿ ೭೮ಕ್ಕೆ ಬರುತ್ತದೆ. ಪ್ರಮಾಣವು ೦.೯೬ಕ್ಕೆ ಇಳಿಯುತ್ತದೆ. ಹತ್ತರಲ್ಲಿ ಒಂದು ಪಾಲು ಮಾತ್ರ ಕಡಿಮೆಯಾಯಿತಲ್ಲ, ಇದೇನು ಮಹಾ ಎಂದು ಕೇಳಬಹುದು. ಆದರೆ ಲೆಕ್ಕ ಇಲ್ಲಿಗೆ ಮುಗಿಯದು. ಒಣ ಡಾಂಬರಿನ ಮೇಲೆ ಟೈರು ಪಕ್ಕಕ್ಕೆ ಜಾರದೆ ತಡೆದುಕೊಳ್ಳುವ ಬಲವು ತೂಕದ ೦.೮ರಷ್ಟು ಎಂದು ಇಟ್ಟುಕೊಳ್ಳೋಣ. ತಿರುವಿನಲ್ಲಿ ವೇಗ ಮಿತಿಮೀರಿದರೆ ೦.೮ ಮೊದಲು ಬರುತ್ತದೆ, ವಾಹನ ಜಾರುತ್ತದೆ. ಉರುಳುವ ಮಿತಿ ಅದರ ಆಚೆಗಿರುತ್ತದೆ. ಜಾರಿದ ವಾಹನವನ್ನು ಹತೋಟಿಗೆ ತರಲು ಒಂದು ಅವಕಾಶವುಂಟು. ಉರುಳಿದ ವಾಹನಕ್ಕೆ ಅದಿಲ್ಲ. ಈ ಎರಡು ಮಿತಿಗಳ ನಡುವಣ ಅಂತರವೇ ನಮ್ಮ ರಕ್ಷಣೆ. ಮೊದಲು ಅದು ೦.೨೭ ಇತ್ತು, ಎತ್ತರಿಸಿದ ಮೇಲೆ ೦.೧೬ ಆಯಿತು. ಎಂದರೆ ರಕ್ಷಣೆಯ ಐದು ಪಾಲಿನಲ್ಲಿ ಎರಡು ಪಾಲು ಹೋಯಿತು.

ಉಳಿದ ಪಾಲಿಗೂ ಕಂಟಕವಿದೆ. ತಿರುವಿನಲ್ಲಿ ಒಡಲು ಹೊರಮಗ್ಗುಲಿಗೆ ವಾಲುತ್ತದೆ. ವಾಲಿಸುವ ಭ್ರಾಮಕವು ಒಡಲಿನ ಗುರುತ್ವಕೇಂದ್ರಕ್ಕೂ ಅದು ವಾಲುವ ಅಕ್ಷಕ್ಕೂ ಇರುವ ದೂರವನ್ನು ಅವಲಂಬಿಸಿದೆ. ಆ ಅಕ್ಷವು ಇರುಸಿನ ಸಮೀಪದಲ್ಲಿಯೇ ಉಳಿದು ಒಡಲು ಮಾತ್ರ ಏರಿದರೆ, ೩೫ ಸೆಂಟಿಮೀಟರ್ ಇದ್ದ ದೂರ ೪೫ ಆಗುತ್ತದೆ. ವಾಲಿಸುವ ಭ್ರಾಮಕವು ಕಾಲು ಭಾಗಕ್ಕಿಂತಲೂ ಹೆಚ್ಚುತ್ತದೆ. ವಾಲಿದಷ್ಟೂ ಗುರುತ್ವಕೇಂದ್ರ ಹೊರಕ್ಕೆ ಸರಿದು ನಮ್ಮ ೦.೧೬ ಇನ್ನೂ ಕರಗುತ್ತದೆ. ರಸ್ತೆಯ ಅಂಚಿನ ಸಡಿಲ ಮಣ್ಣಿನಲ್ಲಿ ಗಾಲಿ ಹೂತು ಸಿಕ್ಕಿಕೊಂಡರಂತೂ ಜಾರುವ ಮಾತೇ ಇಲ್ಲ. ವಾಹನ ನೇರವಾಗಿ ಮಗುಚಿಕೊಳ್ಳುತ್ತದೆ.

ದೊಡ್ಡ ಟೈರಿಗೂ ಬೆಲೆಯುಂಟು. ೭೫ ಸೆಂಟಿಮೀಟರ್ ವ್ಯಾಸದ ಟೈರನ್ನು ತೆಗೆದು ೮೫ ಸೆಂಟಿಮೀಟರಿನದನ್ನು ಹಾಕಿದರೆ ಇರುಸು ೫ ಸೆಂಟಿಮೀಟರ್ ಏರುತ್ತದೆ, ನಿಜ. ಆದರೆ ವೇಗಮಾಪಕವು ೬೦ ಕಿಲೋಮೀಟರ್ ತೋರಿಸುವಾಗ ವಾಹನವು ೬೮ರಲ್ಲಿ ಓಡುತ್ತಿರುತ್ತದೆ. ಅದೇ ಬ್ರೇಕು ಅದೇ ಒತ್ತಡದಲ್ಲಿ ನೆಲದ ಮೇಲೆ ಒಡ್ಡುವ ತಡೆಯು ನೂರಕ್ಕೆ ಹನ್ನೆರಡು ಪಾಲು ಕಡಿಮೆಯಾಗುತ್ತದೆ. ವೇಗ ಹೆಚ್ಚು, ತಡೆ ಕಡಿಮೆ!

ಈ ವಾಹನಗಳು ತಮ್ಮ ಆಯುಷ್ಯದ ಬಹುಭಾಗವನ್ನು ಕಳೆಯುವುದು ಬೆಟ್ಟದಲ್ಲಲ್ಲ, ಡಾಂಬರು ರಸ್ತೆಯಲ್ಲಿ. ಅಂತರಗಂಗೆಯ ತಪ್ಪಲಿನಲ್ಲಿ ಒಂದು ಗಂಟೆ ಆಡಿದ ಜೀಪು ಸಂಜೆ ಮುಳಬಾಗಿಲಿನ ಹೆದ್ದಾರಿಯಲ್ಲಿ ಬಸ್ಸುಗಳ ನಡುವೆ ಓಡುತ್ತದೆ. ಅದರ ದೀಪಗಳು ಏರಿರುವುದರಿಂದ ಎದುರು ಬರುವ ಸೈಕಲ್ಲಿನವನ ಕಣ್ಣು ಕುಕ್ಕುತ್ತವೆ. ಅದರ ಮೂತಿಯ ಮುಂದೆ ಹಾಯುವ ಎಳೆಯ ಮಗು ಚಾಲಕನಿಗೆ ಕಾಣದೆ ಹೋಗಬಹುದು. ಡಿಕ್ಕಿಯಾದರೆ ಅದರ ಬಂಪರು ಎದುರಿನ ಕಾರಿನ ಬಂಪರಿಗೆ ತಾಗುವ ಬದಲು ಮೇಲೇರಿ ಜನ ಕುಳಿತ ಭಾಗಕ್ಕೇ ನುಗ್ಗುತ್ತದೆ. ಎತ್ತರದ ಸುಖ ಒಬ್ಬನದು. ಅಪಾಯದಲ್ಲಿ ಮಾತ್ರ ದಾರಿಹೋಕರೆಲ್ಲರಿಗೂ ಪಾಲು.

ಸ್ಪ್ರಿಂಗಿನ ಆಯ್ಕೆ

ಹಾಗಾದರೆ ಒಳ್ಳೆಯ ಸಸ್ಪೆನ್ಷನ್ ಯಾವುದು? ಸ್ಪ್ರಿಂಗು ಭಾರಕ್ಕೆ ಎಷ್ಟು ಕುಗ್ಗುತ್ತದೆ ಎಂಬುದೇ ಇಲ್ಲಿ ಕೀಲಿಕೈ. ಒಂದು ಗಾಲಿಯ ಮೇಲೆ ೪೦೦ ಕಿಲೋಗ್ರಾಂ ಭಾರವಿದೆ ಎನ್ನೋಣ. ಸ್ಪ್ರಿಂಗು ಪ್ರತಿ ಸೆಂಟಿಮೀಟರಿಗೆ ೪೦ ಕಿಲೋಗ್ರಾಂ ತಡೆಯುವಷ್ಟು ಬಿಗುವಾಗಿದ್ದರೆ ಅದು ೧೦ ಸೆಂಟಿಮೀಟರ್ ಕುಗ್ಗಿ ನಿಲ್ಲುತ್ತದೆ. ಆ ಗಾಲಿಯ ಕೆಳಗೆ ೧೦ ಸೆಂಟಿಮೀಟರ್ ಆಳದ ಗುಂಡಿ ಬಂದು, ಒಡಲು ಅಲುಗದೆ ಗಾಲಿ ಮಾತ್ರ ಇಳಿದರೆ, ಸ್ಪ್ರಿಂಗು ಪೂರ್ತಿ ಬಿಚ್ಚಿಕೊಂಡು ನೆಲದ ಮೇಲಿನ ಒತ್ತಡ ಸೊನ್ನೆಯಾಗುತ್ತದೆ. ಸ್ಪ್ರಿಂಗಿನ ಬಿಗುವು ಅರ್ಧವಾಗಿದ್ದರೆ ಅದು ೨೦ ಸೆಂಟಿಮೀಟರ್ ಕುಗ್ಗಿರುತ್ತದೆ; ಅದೇ ಗುಂಡಿಯಲ್ಲಿ ಗಾಲಿಯು ಇನ್ನೂ ೨೦೦ ಕಿಲೋಗ್ರಾಂ ಭಾರದಿಂದ ನೆಲವನ್ನು ಒತ್ತುತ್ತಲೇ ಇರುತ್ತದೆ.

ಒತ್ತಡ ಸೊನ್ನೆಯಾದರೆ ಆಗುವ ಕೇಡು ಒಂದೇ ಗಾಲಿಗೆ ನಿಲ್ಲುವುದಿಲ್ಲ. ಸಾಮಾನ್ಯ ಡಿಫರೆನ್ಷಿಯಲ್ ತನ್ನ ಎರಡು ಗಾಲಿಗಳಿಗೂ ಸಮನಾದ ತಿರುಗುಬಲವನ್ನೇ ಹಂಚುತ್ತದೆ. ಒಂದು ಗಾಲಿ ಗಾಳಿಯಲ್ಲಿ ತೂಗಿ ತಡೆಯಿಲ್ಲದೆ ಸುತ್ತತೊಡಗಿದರೆ, ನೆಲದ ಮೇಲೆ ಭದ್ರವಾಗಿ ನಿಂತ ಇನ್ನೊಂದಕ್ಕೂ ದೊರೆಯುವುದು ಅದೇ ಶೂನ್ಯ. ಎಂಜಿನ್ನು ಎಷ್ಟು ಅಬ್ಬರಿಸಿದರೂ ಜೀಪು ಅಲುಗದು.

ಈ ದೃಷ್ಟಿಯಿಂದ ನಮ್ಮಲ್ಲಿ ಪ್ರಚಾರದಲ್ಲಿರುವ ಎರಡು ಅಗ್ಗದ ಉಪಾಯಗಳನ್ನು ಪರೀಕ್ಷಿಸಿ. ಮೊದಲನೆಯದು ಬಿಲ್ಲೆ. ಶಾಕ್ ಅಬ್ಸಾರ್ಬರಿನ ಉದ್ದವು ಗಾಲಿಗೆ ೧೦ ಸೆಂಟಿಮೀಟರ್ ಮೇಲಕ್ಕೂ ೧೦ ಸೆಂಟಿಮೀಟರ್ ಕೆಳಕ್ಕೂ ಆಡಲು ಅವಕಾಶ ಕೊಟ್ಟಿದೆ ಎನ್ನಿ. ೫ ಸೆಂಟಿಮೀಟರಿನ ಬಿಲ್ಲೆಯನ್ನಿಟ್ಟು ಶಾಕ್ ಅಬ್ಸಾರ್ಬರನ್ನು ಹಾಗೆಯೇ ಬಿಟ್ಟರೆ ಗಾಲಿ ಕೆಳಕ್ಕೆ ಇಳಿಯಬಲ್ಲದ್ದು ೫ ಸೆಂಟಿಮೀಟರ್ ಮಾತ್ರ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲವೆ? ಎತ್ತರದ ಜೀಪು ಮೊದಲಿಗಿಂತ ಬೇಗ ಗಾಲಿಯನ್ನು ಗಾಳಿಗೆ ಎತ್ತುತ್ತದೆ.

ಎರಡನೆಯದು ಹೆಚ್ಚಿನ ಪಟ್ಟಿ. ಟೊಮ್ಯಾಟೊ ತುಂಬಿ ಕೋಲಾರದ ಮಾರುಕಟ್ಟೆಗೆ ಹೋಗುವ ಪಿಕಪ್ಪಿನ ಹಿಂಬದಿ ಕುಸಿಯದಿರಲೆಂದು ಪಟ್ಟಿ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿಯನ್ನು ಸೇರಿಸುವುದುಂಟು. ನಾಲ್ಕು ಪಟ್ಟಿಗಳಿದ್ದಲ್ಲಿ ಅದೇ ದಪ್ಪದ ಐದನೆಯದು ಬಂದರೆ ಬಿಗುವು ಸುಮಾರು ಕಾಲು ಭಾಗ ಹೆಚ್ಚುತ್ತದೆ. ಪಟ್ಟಿಯ ದಪ್ಪವೇ ಇಮ್ಮಡಿಯಾದರಂತೂ ಬಿಗುವು ಎಂಟು ಮಡಿ! ಭಾರ ಹೊತ್ತಾಗ ಇದು ನೆಟ್ಟಗೆ ಕಾಣುತ್ತದೆ. ಬರಿದಾಗಿ ಮರಳುವಾಗ ಗಾಲಿ ನೆಲವನ್ನು ಹಿಡಿಯದೆ ಕುಪ್ಪಳಿಸುತ್ತದೆ.

ಸ್ಪ್ರಿಂಗಿನ ಮೃದುತ್ವವನ್ನು ತಿಳಿಯಲು ಒಂದು ಸೊಗಸಾದ ನಿಯಮವಿದೆ. ಸ್ಪ್ರಿಂಗು ಭಾರಕ್ಕೆ ಎಷ್ಟು ಕುಗ್ಗುತ್ತದೆಯೋ ಅಷ್ಟೇ ಉದ್ದದ ದಾರದ ಲೋಲಕವು ತೂಗುವ ಕಾಲವೇ ಒಡಲು ಮೇಲೆ ಕೆಳಗೆ ತೊನೆಯುವ ಕಾಲ. ೨೫ ಸೆಂಟಿಮೀಟರ್ ಕುಗ್ಗಿದರೆ ಒಂದು ತೂಗಾಟಕ್ಕೆ ಒಂದು ಸೆಕೆಂಡು. ಆರೂಕಾಲು ಸೆಂಟಿಮೀಟರ್ ಕುಗ್ಗಿದರೆ ಅರ್ಧ ಸೆಕೆಂಡು. ವಿದ್ಯಾರ್ಥಿಗಳು ದಾರಕ್ಕೆ ಕಲ್ಲು ಕಟ್ಟಿ ತೂಗಿ ನೋಡಿ ಈ ಎರಡರ ಅಂತರವನ್ನು ಕಣ್ಣಾರೆ ಕಾಣಬಹುದು. ಸ್ಪ್ರಿಂಗು ಮೃದುವಾದಷ್ಟೂ ತೊನೆದಾಟವನ್ನು ಅಡಗಿಸುವ ಶಾಕ್ ಅಬ್ಸಾರ್ಬರು ಅದಕ್ಕೆ ಹೊಂದುವಂತಿರಬೇಕು. ಒಂದನ್ನು ಬದಲಾಯಿಸಿ ಇನ್ನೊಂದನ್ನು ಮರೆತರೆ ಕೆಲಸ ಅರ್ಧವಾದಂತೆ.

ಗಟ್ಟಿ ಇರುಸೋ, ಸ್ವತಂತ್ರ ಗಾಲಿಯೋ?

ಎರಡನೆಯ ಮಹಾಯುದ್ಧದ ಜೀಪಿಗೆ ಮುಂದೆಯೂ ಹಿಂದೆಯೂ ಗಟ್ಟಿ ಇರುಸು, ಪಟ್ಟಿ ಸ್ಪ್ರಿಂಗು. ೧೯೪೭ರಿಂದ ಮಹೀಂದ್ರಾ ಸಂಸ್ಥೆಯು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು ಈ ಜೀಪನ್ನೇ. ೧೯೮೫ರಲ್ಲಿ ಬಂದ ಮಾರುತಿ ಜಿಪ್ಸಿಯದೂ ಅದೇ ಕಟ್ಟು. ಗಟ್ಟಿ ಇರುಸಿನಲ್ಲಿ ಒಂದು ಗುಣವಿದೆ: ಒಂದು ಗಾಲಿ ಬಂಡೆಯನ್ನು ಏರಿದಾಗ ಇರುಸು ತಕ್ಕಡಿಯ ದಂಡದಂತೆ ಓರೆಯಾಗಿ, ಇನ್ನೊಂದು ಗಾಲಿಯನ್ನು ಕೆಳಕ್ಕೆ ಒತ್ತುತ್ತದೆ, ನಡುವಣ ಡಿಫರೆನ್ಷಿಯಲ್ ಸಹ ಅರ್ಧದಷ್ಟು ಮೇಲೇಳುತ್ತದೆ. ಹೊಲದ ಟ್ರಾಕ್ಟರನ್ನು ನೋಡಿ. ಅದರ ಮುಂದಿನ ಇರುಸು ನಡುವೆ ಒಂದೇ ಗೂಟದ ಮೇಲೆ ತೂಗುತ್ತದೆ, ಸ್ಪ್ರಿಂಗೇ ಇಲ್ಲ. ಉಳುಮೆಯ ಸಾಲುಗಳ ಮೇಲೆ ಅದರ ಗಾಲಿ ಎಂದಾದರೂ ನೆಲ ಬಿಟ್ಟೀತೆ?

ಗಟ್ಟಿ ಇರುಸಿನ ದೋಷವೆಂದರೆ ಅದರ ತೂಕ. ಸ್ಪ್ರಿಂಗಿನ ಕೆಳಗಿನ ಭಾಗ ಭಾರವಾದಷ್ಟೂ ಅದರ ಜಡತ್ವ ಹೆಚ್ಚಿ, ವೇಗದಲ್ಲಿ ಗಾಲಿಯು ರಸ್ತೆಯ ಏರಿಳಿತವನ್ನು ಅನುಸರಿಸಲಾರದು. ಪ್ರತಿ ಗಾಲಿಗೂ ಬೇರೆ ತೋಳನ್ನು ಕೊಟ್ಟು ಡಿಫರೆನ್ಷಿಯಲನ್ನು ಒಡಲಿಗೆ ಬಿಗಿದರೆ ಈ ದೋಷ ತಗ್ಗುತ್ತದೆ. ಇಂತಹ ರಚನೆಯಲ್ಲಿ ಒಡಲನ್ನು ಎತ್ತಿದರೆ ಡಿಫರೆನ್ಷಿಯಲ್ ಕೂಡ ಏರುವುದು ನಿಜ. ಆದರೆ ಅದರಿಂದ ಗಾಲಿಗೆ ಇಳಿಯುವ ದಂಡಗಳು ಕಡಿದಾದ ಕೋನದಲ್ಲಿ ತಿರುಗಬೇಕಾಗಿ ಕೀಲುಗಳು ಬೇಗ ಸವೆಯುತ್ತವೆ. ೨೦೨೦ರ ಥಾರ್ ವಾಹನದಲ್ಲಿ ಮುಂದೆ ಸ್ವತಂತ್ರ ಗಾಲಿಗಳು, ಹಿಂದೆ ಸುರುಳಿ ಸ್ಪ್ರಿಂಗಿನ ಗಟ್ಟಿ ಇರುಸು. ೨೦೨೩ರಲ್ಲಿ ನಮ್ಮಲ್ಲಿಗೆ ಬಂದ ಜಿಮ್ನಿಯಲ್ಲಿ ಎರಡು ಕಡೆಯೂ ಗಟ್ಟಿ ಇರುಸು, ಸುರುಳಿ ಸ್ಪ್ರಿಂಗು. ಒಂದು ಹೆದ್ದಾರಿಯ ಕಡೆಗೆ ಸ್ವಲ್ಪ ವಾಲಿತು, ಇನ್ನೊಂದು ಬಂಡೆಯ ಕಡೆಗೆ. ಎರಡೂ ವಿವೇಕದ ಆಯ್ಕೆಗಳೇ.

ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಕಾರ್ಖಾನೆಯನ್ನು ಹೊಂದಿರುವ, ೧೯೬೪ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯು ೧೯೮೬ರಲ್ಲಿ ಝೆಕೊಸ್ಲೊವಾಕಿಯದೊಡನೆ ಒಪ್ಪಂದ ಮಾಡಿಕೊಂಡು ನಮ್ಮ ಸೇನೆಗೆ ಟಾಟ್ರಾ ಲಾರಿಗಳನ್ನು ಒದಗಿಸಿತು. ಅವುಗಳ ಬೆನ್ನೆಲುಬು ಒಂದು ದಪ್ಪನೆಯ ಕೊಳವೆ. ಅದರ ಎಡಬಲಕ್ಕೆ ಅರ್ಧ ಇರುಸುಗಳು ಹಕ್ಕಿಯ ರೆಕ್ಕೆಗಳಂತೆ ಏರಿಳಿಯುತ್ತವೆ. ೧೯೨೩ರಲ್ಲಿ ಟಾಟ್ರಾ ಕಾರಿನಲ್ಲಿ ಮೂಡಿದ ಈ ರಚನೆಯ ಗುರಿಯೂ ಒಡಲನ್ನು ಸುಮ್ಮನೆ ಎತ್ತುವುದಲ್ಲ, ಗಾಲಿಗಳಿಗೆ ಆಟವನ್ನು ಕೊಡುವುದು.

ನಿಜವಾಗಿಯೂ ಎತ್ತರ ಬೇಕಾದವರು ಏನು ಮಾಡಿದರು? ಯುದ್ಧಾನಂತರ ಜರ್ಮನಿಯಲ್ಲಿ ಕೃಷಿಗಾಗಿ ಹುಟ್ಟಿದ ಯೂನಿಮಾಗ್ ವಾಹನದಲ್ಲಿ ಗಾಲಿಯ ಗುಂಬದಲ್ಲಿಯೇ ಹಲ್ಲುಗಾಲಿಗಳನ್ನಿಟ್ಟು, ಇರುಸು ಗಾಲಿಯ ಕೇಂದ್ರಕ್ಕಿಂತ ಮೇಲೆ ಹಾಯುವಂತೆ ಮಾಡಿದರು. ಎತ್ತಿನ ಗಾಡಿಯ ನಿಯಮವನ್ನು ಮೀರುವ ಸರಿಯಾದ ದಾರಿ ಅದು. ೧೯೮೦ರ ದಶಕದ ಅಮೆರಿಕದ ಸೇನೆಯ ಹಮ್‌ವೀ ವಾಹನಕ್ಕೂ ಗುಂಬದ ಹಲ್ಲುಗಾಲಿಗಳುಂಟು. ಅದರ ಹೊಟ್ಟೆ ನೆಲದಿಂದ ಸುಮಾರು ೪೦ ಸೆಂಟಿಮೀಟರ್ ಮೇಲಿದೆ. ಆದರೆ ಅದರ ಎತ್ತರ ೧೮೩ ಸೆಂಟಿಮೀಟರ್, ಅಗಲ ೨೧೬! ಹೊಟ್ಟೆಯನ್ನು ಎತ್ತಿದವರು ಕಾಲುಗಳನ್ನು ಅಗಲಿಸುವುದನ್ನು ಮರೆಯಲಿಲ್ಲ.

ಕಾಣದ ಕೋನಗಳು

ವಾಹನದ ಒಂದು ಭಾಗವನ್ನು ಸರಿಸಿದರೆ ಉಳಿದವು ಸುಮ್ಮನಿರುವುದಿಲ್ಲ. ಎಂಜಿನ್ನಿನಿಂದ ಹಿಂದಿನ ಇರುಸಿಗೆ ಹೋಗುವ ದಂಡದಲ್ಲಿ ಅಡ್ಡಕೀಲುಗಳಿವೆ. ಅಂತಹ ಕೀಲು ೧೦ ಡಿಗ್ರಿ ಬಾಗಿದ್ದರೆ ಪ್ರತಿ ಸುತ್ತಿನಲ್ಲಿಯೂ ವೇಗವು ಎರಡು ಸಲ, ಒಟ್ಟು ನೂರಕ್ಕೆ ಮೂರರಷ್ಟು, ಹೆಚ್ಚುಕಡಿಮೆಯಾಗುತ್ತದೆ. ೨೦ ಡಿಗ್ರಿ ಬಾಗಿದರೆ ನೂರಕ್ಕೆ ಹನ್ನೆರಡಕ್ಕೂ ಮಿಗಿಲು. ಕೋನ ಇಮ್ಮಡಿಯಾದರೆ ತೊಂದರೆ ನಾಲ್ಮಡಿ. ಎರಡು ತುದಿಯ ಕೀಲುಗಳೂ ಸಮನಾಗಿ ಬಾಗುವಂತೆ ಕಾರ್ಖಾನೆಯವರು ಹೊಂದಿಸಿ, ಒಂದರ ದೋಷವನ್ನು ಇನ್ನೊಂದು ತೊಡೆಯುವಂತೆ ಮಾಡಿರುತ್ತಾರೆ. ಒಡಲನ್ನು ಎತ್ತಿದಾಗ ಇರುಸು ಅದೇ ಓರೆಯಲ್ಲಿ ಉಳಿಯದಿದ್ದರೆ ಆ ಹೊಂದಿಕೆ ಕೆಟ್ಟು ವಾಹನ ನಡುಗುತ್ತದೆ. ಮುಂದಿನ ಗಾಲಿಗಳೂ ಸೈಕಲ್ಲಿನ ಕವಲಿನಂತೆ ಹಿಂದಕ್ಕೆ ಒಂದಿಷ್ಟು ಓರೆಯಾಗಿರುತ್ತವೆ. ತಿರುಗಿಸಿದ ಸ್ಟಿಯರಿಂಗು ತಾನಾಗಿ ನೇರಕ್ಕೆ ಮರಳುವುದು ಬಹುಮಟ್ಟಿಗೆ ಆ ಓರೆಯಿಂದ. ಉದ್ದ ತೋಳಿನ ಇರುಸಿರುವ ವಾಹನವನ್ನು ಎತ್ತಿದರೆ ಈ ಓರೆಯೂ ತಗ್ಗಿ ಹಿಡಿತ ಅಲೆದಾಡತೊಡಗುತ್ತದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣದಂತೆ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ಯಾರೂ ವಾಹನವನ್ನು ಮಾರ್ಪಡಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದರೆ ದಂಡದ ಭಯದಿಂದ ಪಾಲಿಸುವ ನಿಯಮ ಪೊಲೀಸರು ಕಾಣದ ಹಾದಿಯಲ್ಲಿ ಮರೆತುಹೋಗುತ್ತದೆ. ಕಾರಣವನ್ನು ಅರಿತು ಪಾಲಿಸುವುದು ಕತ್ತಲಲ್ಲಿಯೂ ನಿಲ್ಲುತ್ತದೆ. ಇನ್ನೊಂದು ಮಾತನ್ನೂ ಹೇಳಬೇಕು. ಕಚ್ಚಾ ಹಾದಿಯಲ್ಲಿ ದುಡಿಯುವ ರೈತನಿಗೂ ಬೆಟ್ಟದ ವೈದ್ಯನಿಗೂ ಇಂತಹ ವಾಹನದ ಅಗತ್ಯವಿದೆ. ಅವರಿಗಾಗಿ ಅಗಲವಾದ ಗಾಲಿನೆಲೆ, ಉದ್ದವಾದ ಗಾಲಿಯ ಆಟ, ತಕ್ಕ ಬ್ರೇಕುಗಳುಳ್ಳ ವಾಹನವನ್ನು ತಯಾರಕರೇ ಪರೀಕ್ಷಿಸಿ ಮಾರುವಂತಾಗಬೇಕು. ಬೀದಿಬದಿಯ ಬಿಲ್ಲೆಗೆ ಅದೇ ನಿಜವಾದ ಉತ್ತರ.

ಅಲ್ಲಿಯವರೆಗೆ, ಜೀಪಿನ ಶಕ್ತಿಯನ್ನು ಹೆಚ್ಚಿಸಬಯಸುವವರು ಈ ಕ್ರಮವನ್ನು ಅನುಸರಿಸುವುದು ಲೇಸು. ಮೊದಲು ನೆಲಕ್ಕೆ ಒಪ್ಪುವ ಹಲ್ಲಿನ, ಕಾರ್ಖಾನೆ ಹೇಳಿದ ಅಳತೆಯ ಟೈರು. ಕಚ್ಚಾ ಹಾದಿಯಲ್ಲಿ ಅದರ ಗಾಳಿಯನ್ನು ಮಿತವಾಗಿ ಇಳಿಸಿ, ಡಾಂಬರಿಗೆ ಮರಳಿದೊಡನೆ ತುಂಬಿಸುವ ಅಭ್ಯಾಸ. ಕೊಳ್ಳುವಾಗಲೇ ಎರಡು ಗಾಲಿಗಳನ್ನೂ ಒಟ್ಟಿಗೆ ತಿರುಗಿಸಬಲ್ಲ, ಬೀಗವುಳ್ಳ ಡಿಫರೆನ್ಷಿಯಲ್ ಇರುವ ವಾಹನದ ಆಯ್ಕೆ. ಇವೆಲ್ಲಕ್ಕೂ ಮಿಗಿಲಾಗಿ, ಗಾಲಿಯನ್ನು ಬಂಡೆಯ ಮೇಲೆಯೇ ಏರಿಸಿ ಡಿಫರೆನ್ಷಿಯಲನ್ನು ಅದರಿಂದ ತಪ್ಪಿಸಬಲ್ಲ ಚಾಲಕನ ಕಣ್ಣು. ಇವುಗಳಲ್ಲಿ ಯಾವುದೂ ಗುರುತ್ವಕೇಂದ್ರವನ್ನು ಮೇಲಕ್ಕೆತ್ತುವುದಿಲ್ಲ.

ಬೆಂಕಿಪೆಟ್ಟಿಗೆಯೊಂದನ್ನು ಹಲಗೆಯ ಮೇಲೆ ಮೊದಲು ಮಲಗಿಸಿ, ಆಮೇಲೆ ನಿಲ್ಲಿಸಿ, ಹಲಗೆಯನ್ನು ಮೆಲ್ಲನೆ ಓರೆಮಾಡಿ ನೋಡಿರಿ. ಮಲಗಿದ ಪೆಟ್ಟಿಗೆ ಜಾರುತ್ತದೆ, ನಿಂತದ್ದು ಉರುಳುತ್ತದೆ. ಜೀಪನ್ನು ಎತ್ತರಿಸಲು ಹಣ ಕೂಡಿಡುತ್ತಿರುವ ಗೆಳೆಯನಿದ್ದರೆ ಈ ಪ್ರಯೋಗವನ್ನು ಅವನ ಎದುರಿಗೇ ಮಾಡಿ ತೋರಿಸಿರಿ. ಖರ್ಚು ಒಂದು ಬೆಂಕಿಪೆಟ್ಟಿಗೆಯದು ಮಾತ್ರ.